ಕವಾಗೊಶಿಯ ಕ್ರಾಸಿಂಗ್

“ಇವತ್ತೂ ಬಾಯಿ ಬಿಡ್ಲಿಲ್ಲ ಅಂದ್ರೆ ನಿನ್ನ ಟೋಪಿ ಕಿತ್ತು ಹಳಿ ಮೇಲೆ ಎಸೀತೀನಿ ನೋಡು!” ಎಂದು ಕಿನುಯೆ ಅಜ್ಜಿ ಪೊರಕೆ ಎತ್ತಿದಳು.

ಆಗಷ್ಟೇ ರೈಲು ನಿಲ್ಲಿಸಿ ಕೆಳಗಿಳಿದಿದ್ದ ಚಾಲಕ ಸೋಹೇಯಿ ಬಿಳಿ ಕೈಗವಸು ಬಿಚ್ಚಿ, ಮತ್ತೆ ಹಾಕಿಕೊಂಡ. ಒಂಟಿ ಹಳಿ ಮಾರ್ಗದ ಪುಟ್ಟ ನಿಲ್ದಾಣವಾದ ಕವಾಗೊಶಿಯಲ್ಲಿ ಸ್ಟೇಷನ್ ಮಾಸ್ತರರಿಲ್ಲ, ಟಿಕೆಟ್ ಕೊಡುವವರೂ ಇಲ್ಲ. ಗುಡಿಸುವುದು, ಬೆಂಚಿನ ದಿಂಬುಗಳನ್ನು ಬಿಸಿಲಿಗೆ ಹಾಕುವುದು, ಬಂದುಹೋಗುವವರ ಮೇಲೆ ದರ್ಬಾರು ನಡೆಸುವುದು, ಎಲ್ಲವೂ ಅಜ್ಜಿಯದೇ. ಸೋಹೇಯಿಯ ಒಂದೇ ಬೋಗಿಯ ರೈಲು ದಿನಾ ಬೆಳಿಗ್ಗೆ ಇಲ್ಲಿ ನಿಂತು, ಎದುರಿನಿಂದ ಚಾಲಕಿ ಚಿನಾತ್ಸು ತರುವ ರೈಲಿಗೆ ಕಾಯುತ್ತದೆ. ಅವಳು ಕೈ ಎತ್ತುತ್ತಾಳೆ, ಇವನೂ ಎತ್ತುತ್ತಾನೆ. ಆಮೇಲೆ ಅವರವರ ದಾರಿ. ಅವಳು ಕೊಟ್ಟ ಅನ್ನದ ಉಂಡೆಯನ್ನು ಇವನಿಗೆ, ಇವನು ತಂದ ಒಣ ಕಾಕಿ ಹಣ್ಣನ್ನು ಅವಳಿಗೆ ದಾಟಿಸಿ ದಾಟಿಸಿ ಅಜ್ಜಿಗೆ ಸಾಕುಸಾಕಾಗಿತ್ತು.

ನಾಳೆಯಿಂದ ವಸಂತದ ಹೊಸ ವೇಳಾಪಟ್ಟಿ. ಇನ್ನು ಈ ಎರಡು ರೈಲು ಇಲ್ಲಿ ಎದುರಾಗುವುದಿಲ್ಲ.

ಪ್ಲಾಟ್‌ಫಾರಂನ ಆಚೆ ಬದಿಗೆ ಚಿನಾತ್ಸುವಿನ ರೈಲು ಬಂದು ನಿಂತಿತು. ಅಜ್ಜಿ ಪೊರಕೆಯ ಹಿಡಿಯಿಂದ ಸೋಹೇಯಿಯ ಬೆನ್ನಿಗೆ ತಿವಿದಳು. ಅವನು ಚಿನಾತ್ಸುವಿನ ಕಿಟಕಿಯ ಬಳಿ ಹೋಗಿ ಟೋಪಿ ಸರಿಮಾಡಿಕೊಂಡ.

“ನಾಳೆಯಿಂದ ವೇಳಾಪಟ್ಟಿ ಬದಲಾಗುತ್ತೆ.”

“ಗೊತ್ತು,” ಎಂದಳು ಚಿನಾತ್ಸು.

“ನಿಮ್ಮ ರೈಲಿಗೆ ಬೇರೆ ರೈಲಿನ ಜೊತೆ ಮುಂದಿನ ಸ್ಟೇಷನ್‌ನಲ್ಲಿ ಕ್ರಾಸಿಂಗ್.”

“ಅದೂ ಗೊತ್ತು.”

“ಅಯ್ಯೋ ನನ್ನ ಕರ್ಮವೇ!” ಅಜ್ಜಿ ಹಣೆ ಚಚ್ಚಿಕೊಂಡಳು. “ಹೆಣ್ಣು ಕೇಳೋಕೆ ಕಳಿಸಿದ್ರೆ ಟೈಮ್‌ಟೇಬಲ್ ಒಪ್ಪಿಸ್ತಾ ಇದಾನಲ್ಲೇ ಇವ್ನು!”

ಸೋಹೇಯಿ ಕಣ್ಣು ಮುಚ್ಚಿಕೊಂಡ. “ಚಿನಾತ್ಸು ಅವರೇ, ನನ್ನನ್ನ ಮದುವೆ ಆಗ್ತೀರಾ?”

ಕೇಳಿದ್ದು ಸ್ವಲ್ಪ ಜೋರಾಗಿಯೇ ಆಯಿತು. ಎರಡೂ ರೈಲಿನ ಗಾಜುಗಳಿಗೆ ಮೂಗುಗಳು ಅಂಟಿಕೊಂಡವು. ಚಿನಾತ್ಸುವಿನ ಮುಖ ಕೆಂಪಗಾಯಿತು. ಅಷ್ಟರಲ್ಲಿ ಎರಡು ಕಡೆಯೂ ಹಸಿರು ದೀಪ ಬಿತ್ತು. ಅವಳು ಗಡಬಡಿಸಿ ಕಿಟಕಿ ಮುಚ್ಚಿದಳು.

ಸೋಹೇಯಿಗೆ ಅಳುವೇ ಬಂತು. ಬಗ್ಗಿ ನಮಸ್ಕರಿಸಿ, ತನ್ನ ರೈಲಿಗೆ ಓಡಿ ಹತ್ತಿದ. ಸಿಗ್ನಲ್‌ಗೆ ನಿಯಮದಂತೆ ಬೆರಳು ತೋರಿಸಿ “ಹಸಿರು, ಸರಿ!” ಎಂದು ಕೂಗಬೇಕು, ಬೆರಳೇನೋ ಎದ್ದಿತು, ಅರ್ಧದಲ್ಲೇ ಕೆಳಗಿಳಿಯಿತು. ತಿರುಗಿ ನೋಡಿದರೆ ಅವಳ ರೈಲೂ ನಿಂತಲ್ಲೇ ನಿಂತಿದೆ. ಒಂದು ದಿನವೂ ತಡಮಾಡದ ಹುಡುಗಿಗೆ ತನ್ನಿಂದ ಕೆಟ್ಟ ಹೆಸರು ಬಂತಲ್ಲ ಎಂದು ಅವನು ಇನ್ನಷ್ಟು ಕುಗ್ಗಿಹೋದ. ಈ ಮಾರ್ಗದಲ್ಲಿ ಅರೆಗಳಿಗೆ ತಡವಾದರೂ ಚಾಲಕರು ಪ್ರಯಾಣಿಕರಿಗೆ ನಿಜವಾದ ಕಾರಣ ತಿಳಿಸಿ ಕ್ಷಮೆ ಕೇಳಲೇಬೇಕು.

“ಏನೇ ಹುಡುಗಿ, ಹೂಂ ಅಂತೀಯೋ ಊಹೂಂ ಅಂತೀಯೋ?” ಅಜ್ಜಿ ಮುಚ್ಚಿದ ಕಿಟಕಿಯನ್ನು ತಟ್ಟುತ್ತಿದ್ದಳು.

ಚಿನಾತ್ಸುವಿನ ರೈಲಿನ ಸ್ಪೀಕರ್ ಕರಕರ ಎಂದಿತು. ಪ್ಲಾಟ್‌ಫಾರಂ ತುಂಬ ಕೇಳುವಂತೆ ಅವಳ ದನಿ ಸ್ವಲ್ಪವೂ ನಡುಗದೆ ಬಂತು:

“ಪ್ರಯಾಣಿಕರ ಗಮನಕ್ಕೆ. ಈ ರೈಲು ಒಂದು ನಿಮಿಷ ತಡವಾಗಿ ಹೊರಡುತ್ತಿದೆ. ಚಾಲಕಿಗೆ ಈಗಷ್ಟೇ ಮದುವೆ ಗೊತ್ತಾದದ್ದೇ ಇದಕ್ಕೆ ಕಾರಣ. ಅಡಚಣೆಗಾಗಿ ವಿಷಾದಿಸುತ್ತೇನೆ.”