ಹೋದ ವರ್ಷದ ಕೂಗು

ಗುರುಸಿದ್ಧ ಬಾಡಿಗೆ ಕಾರಿನ ಗಾಜು ಒರೆಸುತ್ತಿದ್ದ. ಈ ವರ್ಷ ಗಂಟಲಿನ ಆಪರೇಷನ್ ಆದಮೇಲೆ ಅವನಿಗೆ ದನಿಯೇ ಇರಲಿಲ್ಲ. ಕಿರ್ಗಿಸ್ತಾನದ ಬೆಟ್ಟದಾರಿಯ ಇಷ್ಟೆಲ್ಲ ತಿರುವುಗಳನ್ನು ಎಷ್ಟು ಹದವಾಗಿ ದಾಟಿಸಿದನಲ್ಲ ಎಂದು ದಾಕ್ಷಾಯಣಿ ಗಂಡನನ್ನೇ ನೋಡಿದಳು.

ಇಲ್ಲಿನ ಬೆಟ್ಟಗಳು ಪ್ರತಿ ಕೂಗನ್ನೂ ಒಂದು ವರ್ಷ ಇಟ್ಟುಕೊಂಡು ಹಿಂದಿರುಗಿಸುತ್ತಿದ್ದವು. ಹೋದ ವರ್ಷ ಇದೇ ದಿನ, ಅವಳು ಹೂ ನೋಡುತ್ತ ದೂರ ಹೋಗಿದ್ದಾಗ, ಅವನು ಏನೋ ಕೂಗಿದ್ದ. ಗಾಳಿಯಲ್ಲಿ ಅವಳಿಗೆ ಕೇಳಿಸಿರಲಿಲ್ಲ. ಅದನ್ನು ಕೇಳಲೆಂದೇ ಮತ್ತೆ ಬಂದಿದ್ದರು.

ಮೊದಲು ಯಾರದೋ ಕೆಮ್ಮು ಬಂತು, ಆಮೇಲೆ ಯಾರದೋ ನಗು. ಕೊನೆಗೆ ಹಿಮದ ಶಿಖರದಿಂದ ಅವನ ತುಂಬು ದನಿ ಇಳಿಯಿತು.

"ದಾಕ್ಷಾಯಣೀ, ಚಾ ಆರಾಕತ್ತೈತಿ, ಲಗೂನ ಬಾ!"

ಹನ್ನೊಂದು ವರ್ಷ 'ಏ, ಇಲ್ಲಿ ಕೇಳ' ಎಂದೇ ಕರೆದಿದ್ದ ಗಂಡ ಹೆಸರು ಹಿಡಿದು ಕರೆದದ್ದು ಅದೊಂದೇ ಸಲ.

ಅವಳು ಶಿಖರದತ್ತ ಮುಖವೆತ್ತಿದಳು.

"ಇನ್ನೊಮ್ಮೆ ಕರೀರಿ."