ಎರಡನೆಯ ಸಾಲು

ಅಳಿಸುವುದಕ್ಕೆ ದಾರಿ ಇಲ್ಲವೆಂದು ಗೊತ್ತಿದ್ದೂ ಹೀನಾ ಅರ್ಧ ಗಂಟೆ ಹುಡುಕಿದಳು. ಪರದೆಯ ಮೇಲಿನ ಸಾಲು ಕದಲಲಿಲ್ಲ: 'ತುಕಾರಾಮ, ಬಿಜ್ಜರಗಿ. ಒಣದ್ರಾಕ್ಷಿ, ನಲವತ್ತು ಬಾಕ್ಸ್. ಕಲಬೆರಕೆ.'

ಬರೆದವಳು ಅವಳೇ. ತಿಕೋಟಾದ ಗೋದಾಮಿನ ಮಾಲನ್ನೆಲ್ಲ ಬ್ಲಾಕ್‌ಚೈನ್‌ನಲ್ಲಿ ದಾಖಲಿಸುವ ಕೆಲಸ ಹಿಡಿದು ವಿಜಯಪುರದಿಂದ ಬಂದಿದ್ದಳು. ಒಮ್ಮೆ ಬರೆದರೆ ಬರೆದವರೂ ಅಳಿಸಲಾಗದ, ಎಲ್ಲಿಯ ವ್ಯಾಪಾರಿಯಾದರೂ ಓದಬಹುದಾದ ದಾಖಲೆ ಅದು. ಅದಕ್ಕೆ ಗೋದಾಮಿನ ಕಂಪ್ಯೂಟರನ್ನು ಜೋಡಿಸುವ ಕ್ಲೈಂಟ್ ಲೈಬ್ರರಿ ಎಂಬ ತಂತ್ರಾಂಶ ಮೂರು ದಿನ ಅವಳ ಜೀವ ಹಿಂಡಿತ್ತು. ಬಿಲ್ಡ್ ಮಾಡಿ ಸಿದ್ಧಗೊಳಿಸಲು ಹೋದಾಗೆಲ್ಲ ಒಂದಿಲ್ಲೊಂದು ಫೈಲು ಇಲ್ಲವೆಂಬ ತಕರಾರು. ನಾಲ್ಕನೆಯ ದಿನ ಅಂತೂ ಇನ್‌ಸ್ಟಾಲ್ ಆಯಿತು.

ಕನ್ನಡ ಅಕ್ಷರಗಳು ಸರಿಯಾಗಿ ಹೋಗುತ್ತವೋ ನೋಡೋಣವೆಂದು ಮೇಜಿನ ಮೇಲಿದ್ದ ಚೀಟಿಯಿಂದ ಮಾಲು ತಂದಿಟ್ಟ ರೈತನ ಹೆಸರು, ಲೆಕ್ಕವನ್ನೇ ಟೈಪ್ ಮಾಡಿದಳು. ಗುಣಮಟ್ಟದ ಕಾಲಂನಲ್ಲಿ 'ಕಲಬೆರಕೆ' ಎಂದು ಹೊಡೆದದ್ದು ಬರೀ ತಮಾಷೆಗೆ. ಪರೀಕ್ಷೆಗೆಂದೇ ಬೇರೆ ಜಾಲವಿತ್ತು. ಸೆಟ್ಟಿಂಗ್ ಬದಲಿಸಲು ಮರೆತಿದ್ದಳು. ಸಾಲು ಅಸಲಿ ದಾಖಲೆಗೇ ಹೋಗಿ ಕುಳಿತಿತ್ತು.

ಸಂಜೆಯೊಳಗೆ ಸುದ್ದಿ ವ್ಯಾಪಾರಿಗಳ ಮೊಬೈಲಿನಿಂದ ಬಿಜ್ಜರಗಿ ಮುಟ್ಟಿತು. ತುಕಾರಾಮ ಹೀನಾಳ ಫೋನ್ ಎತ್ತಲಿಲ್ಲ. ಮರುದಿನ ಬೆಳಿಗ್ಗೆ ಟ್ರ್ಯಾಕ್ಟರ್ ತಂದು, ಯಾರ ಮುಖವನ್ನೂ ನೋಡದೆ, ನಲವತ್ತೂ ಬಾಕ್ಸ್ ಹೇರಿಕೊಂಡು ಹೋದ. ಒಂದು ಮಾತು ಬೈದಿದ್ದರೂ ಅವಳಿಗೆ ಅಷ್ಟು ನಾಚಿಕೆಯಾಗುತ್ತಿರಲಿಲ್ಲ. ಬಿಸಿಲಲ್ಲಿ ದುಡಿದವನ ಹೆಸರಿಗೆ ಫ್ಯಾನಿನ ಕೆಳಗೆ ಕುಳಿತು ಮಸಿ ಬಳಿದಿದ್ದಳು.

ಅಳಿಸಲಾಗದಿದ್ದರೂ ಕೆಳಗೆ ಇನ್ನೊಂದು ಬರೆಯಬಹುದಲ್ಲ. ಬರೆದಳು: 'ಮೇಲಿನ ಸಾಲು ಸುಳ್ಳು. ತಪ್ಪು ನನ್ನದು. ಇವರ ಮಾಲು ಶುದ್ಧವೆಂದು ನಾನು ಖಾತ್ರಿ ಕೊಡುತ್ತೇನೆ.' ತನ್ನ ಪೂರ್ತಿ ಹೆಸರು ಹಾಕಿದಳು. ಆಮೇಲೆ ಜೀಪು ಹತ್ತಿ ಬಿಜ್ಜರಗಿಗೆ ಹೊರಟಳು.

ಅಂಗಳದಲ್ಲಿ ತುಕಾರಾಮನ ಹೆಂಡತಿ ಹೊಳೆವ್ವ ಬಾಕ್ಸುಗಳನ್ನು ಬಿಚ್ಚಿ, ಚಾಪೆಯ ಮೇಲೆ ಸುರಿದು, ಒಣದ್ರಾಕ್ಷಿ ಆರಿಸುತ್ತಿದ್ದಳು. ಹೀನಾಳನ್ನು ಕಂಡದ್ದೇ ಸೆರಗೆಳೆದುಕೊಂಡು ಒಳಗೆ ಹೋದಳು. ಭೂಮಿ ಬಾಯಿ ಬಿಡಬಾರದೇ ಅನಿಸಿತು ಹೀನಾಳಿಗೆ.

ತುಕಾರಾಮ ಹೊರಗೆ ಬಂದ. 'ಕಾಕಾ, ತಪ್ಪಾತ್ರಿ' ಎಂದು ಅವಳು ಬಾಯಿ ತೆರೆಯುವುದರೊಳಗೆ ಅವನೇ ಕೈಮುಗಿದ.

"ತಳದಾಗ ಹ್ವಾದ ವರ್ಷದ ಮಾಲ್ ಹಾಕಿದ್ದು ಖರೆ ಐತಿ, ಯವ್ವಾ. ಆದ್ರ ನಿನ್ನ ಮಷಿನಿಗೆ ಹ್ಯಾಂಗ ಗೊತ್ತಾತು?"

ಅಳಿಸಲಾಗದ ಆ ಎರಡು ಸಾಲುಗಳಲ್ಲಿ ಸುಳ್ಳಾಗಿದ್ದದ್ದು ಒಂದೇ. ಅದರ ಕೆಳಗೆ ಹೀನಾಳ ಪೂರ್ತಿ ಹೆಸರಿತ್ತು.