ಮುನ್ನೀಗೂ ಬೀಗೂ ನಡುವಿನ ಜಾಗ

‘ಹೆಸರು?’ ಎಂದು ಕಂಪ್ಯೂಟರಿನ ಪರದೆ ಕೇಳಿತು. ಬಳೆ ಮಾರಲು ಬಂದು ಪಕ್ಕದಲ್ಲಿ ಕೂತ, ಅರವತ್ತು ದಾಟಿದ ಬಳೆಗಾರ್ತಿಯ ಹೆಸರನ್ನು ಜಂಬಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತಿದ: ಮುನ್ನೀ ಬೀ. ಅವನು ಮೂರು ದಿನ ತಿಣುಕಿ ಬರೆದ ಪ್ರೋಗ್ರಾಮಿಗೆ ಇದೇ ಮೊದಲ ಪರೀಕ್ಷೆ. ರಾಯಚೂರಿಗೆ ಆ ವರ್ಷವಷ್ಟೇ ಬಂದಿದ್ದ ಕಂಪ್ಯೂಟರ್ ಕ್ಲಾಸಿನವರೆಲ್ಲ ಬೆನ್ನ ಹಿಂದೆ ನಿಂತಿದ್ದರು.

‘ಊರು?’ ಎಂದು ಕೇಳಿದ ಪರದೆ ಉತ್ತರಕ್ಕೆ ಕಾಯಲೇ ಇಲ್ಲ. ‘ಬಾ ಮುನ್ನೀ, ನಿನ್ನ ಊರು ಬೀ’ ಎಂದು ತಾನೇ ಬರೆದುಬಿಟ್ಟಿತು. ಹೆಸರಿನ ನಡುವೆ ಬಿಟ್ಟ ಜಾಗ ಕಂಡು, ಹೆಸರು ಅಲ್ಲಿಗೇ ಮುಗಿಯಿತೆಂದುಕೊಂಡು, ಉಳಿದ ‘ಬೀ’ಯನ್ನು ಊರಿನ ಲೆಕ್ಕಕ್ಕೆ ತಳ್ಳಿತ್ತು. ಹಿಂದೆ ನಗೆ ಎದ್ದಿತು. ಜಂಬಣ್ಣನ ಕಿವಿ ಬಿಸಿಯಾದವು.

“ಏನ್ ಬರದದ, ಜಂಬಣ್ಣ?” ಎಂದಳು ಮುನ್ನೀ ಬೀ.

ಅವನು ಓದಿ ಹೇಳಿದ. “ತಪ್ಪಾಗೇದರೀ ಯವ್ವಾ. ಹಿರೇರು ಅನ್ನೋದು ನೋಡ್ಲಾರ್ದ ಬರೇ ಮುನ್ನೀ ಅಂದದ. ಈಗ ಸರಿ ಮಾಡ್ತೀನ್ರಿ.”

ಕೀಲಿಗಳತ್ತ ಚಾಚಿದ ಅವನ ಕೈಯನ್ನು ಅವಳು ಗಪ್ಪನೆ ಹಿಡಿದಳು. ಬಳೆಗಳು ಸದ್ದು ಮಾಡಿದವು.

“ಊರು ಮಾನ್ವಿ ಅಂತ ಸರಿ ಮಾಡು. ಹೆಸರಿಗೆ ಮಾತ್ರ ಕೈ ಹಚ್ಚಬ್ಯಾಡ. ಬರೇ ಮುನ್ನೀ ಅಂತ ನಮ್ಮ ಅಮ್ಮೀ ಒಬ್ಬಾಕೀನೇ ಕರೀತಿದ್ಲು.”

ಪರದೆಯ ಕಡೆಗೆ ಇನ್ನಷ್ಟು ಬಾಗಿ ಕೂತಳು.

“ಇನ್ನೊಂದ್ಸಲ ಓದಪ್ಪಾ.”